ಕಾಣುವುದು ರೊಟ್ಟಿ, ನಂಬುವುದು ದೇಹ: ಒಂದು ಸಿದ್ಧಾಂತ, ಸಾವಿರ ವರ್ಷದ ಜಗಳ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯದ ಹೆಸರೇ ಬಾಯಿ ತುಂಬುವಂಥದ್ದು: ಟ್ರಾನ್ಸಬ್‌ಸ್ಟಾನ್ಷಿಯೇಷನ್. ನಾನು ಅದನ್ನು ದ್ರವ್ಯ ಬದಲಾವಣೆ ಅಂತ ಕರೆಯುತ್ತೇನೆ. ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಗುರುಗಳು ಗೋಧಿಯ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕೈಗೆತ್ತಿಕೊಂಡು, ಯೇಸು ಕಡೆಯ ಭೋಜನದಲ್ಲಿ ಆಡಿದ ಮಾತುಗಳನ್ನು ಹೇಳುತ್ತಾರೆ. 'ಇದು ನನ್ನ ದೇಹ.' 'ಇದು ನನ್ನ ರಕ್ತ.' ಆ ಮಾತು ಮುಗಿದ ಮೇಲೆ ಅಲ್ಲಿರುವುದು ರೊಟ್ಟಿಯಲ್ಲ, ಕ್ರಿಸ್ತನ ದೇಹ. ದ್ರಾಕ್ಷಾರಸವಲ್ಲ, ಕ್ರಿಸ್ತನ ರಕ್ತ. ಆದರೆ ಬಣ್ಣ ಬದಲಾಗುವುದಿಲ್ಲ, ರುಚಿ ಬದಲಾಗುವುದಿಲ್ಲ, ತೂಕವೂ ಅಷ್ಟೇ. ಲ್ಯಾಬಿಗೆ ಕಳಿಸಿದರೆ ಗೋಧಿಯ ಪಿಷ್ಟ ಸಿಗುತ್ತದೆ, ಬೇರೇನೂ ಸಿಗುವುದಿಲ್ಲ. ಇದು ವಿರೋಧಿಗಳು ಕಂಡುಹಿಡಿದ ಗುಟ್ಟಲ್ಲ. ಚರ್ಚು ತಾನೇ ಹೇಳಿಕೊಂಡು ಬಂದಿರುವ ಮಾತು.

ಇದನ್ನು ಕೇಳಿದ ಕೂಡಲೇ ಕೆಲವರಿಗೆ ನಗು ಬರುತ್ತದೆ, ಕೆಲವರಿಗೆ ಹೇಸಿಗೆಯಾಗುತ್ತದೆ. ಮನುಷ್ಯನ ಮಾಂಸ ತಿನ್ನುವುದಾ ಅಂತ ರೋಮನ್ನರ ಕಾಲದಲ್ಲೇ ಕ್ರೈಸ್ತರ ಮೇಲೆ ಆರೋಪ ಇತ್ತು. ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಈ ಸಿದ್ಧಾಂತ ಆ ಒರಟು ಕಲ್ಪನೆಯನ್ನು ಬೆಳೆಸಲು ಹುಟ್ಟಿದ್ದಲ್ಲ. ಅದನ್ನು ತಡೆಯಲು ರೂಪುಗೊಂಡಿದ್ದು. ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದನ್ನು ಮರೆತಾಗ ಏನೇನಾಯಿತು ಅನ್ನುವುದೂ ಕಾಣುತ್ತದೆ.

ಮೊದಲ ಸಾವಿರ ವರ್ಷಗಳಲ್ಲಿ ಈ ಬಗ್ಗೆ ದೊಡ್ಡ ಜಗಳವೇನೂ ಇರಲಿಲ್ಲ. ಎರಡನೇ ಶತಮಾನದ ಶುರುವಿನಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಸೈನಿಕರ ಕಾವಲಿನಲ್ಲಿ ರೋಮಿಗೆ ಸಾಯಲು ಹೋಗುತ್ತಾ ಪತ್ರಗಳನ್ನು ಬರೆದ. ಪರಮ ಪ್ರಸಾದ, ಅಂದರೆ ಪವಿತ್ರೀಕರಿಸಿದ ಆ ರೊಟ್ಟಿ, ಯೇಸುವಿನ ಮಾಂಸವೇ ಅಂತ ಒಪ್ಪದೆ ದೂರ ಉಳಿದವರ ಬಗ್ಗೆ ಅವುಗಳಲ್ಲಿ ನೇರವಾಗಿ ದೂರುತ್ತಾನೆ. ಇನ್ನೊಂದು ಕಡೆ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟಿನ್ ಅದನ್ನು ಗುರುತು, ಚಿಹ್ನೆ ಅಂತ ಧಾರಾಳವಾಗಿ ಕರೆಯುತ್ತಾನೆ. ಬಲಿಪೀಠದ ಮೇಲಿರುವುದು ನಿಮ್ಮದೇ ರಹಸ್ಯ, ನೋಡುತ್ತಿರುವುದೇ ಆಗಿರಿ ಅಂತ ಜನಕ್ಕೆ ಬೋಧಿಸುತ್ತಾನೆ. ಇಬ್ಬರನ್ನೂ ಚರ್ಚು ಸಂತರೆಂದೇ ಗೌರವಿಸುತ್ತದೆ. ನಿಜವೋ ಚಿಹ್ನೆಯೋ, ಒಂದನ್ನು ಆರಿಸಿಕೊಳ್ಳಿ ಅಂತ ಆಗ ಯಾರೂ ಪಟ್ಟು ಹಿಡಿದಿರಲಿಲ್ಲ.

ಒಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಕಾರ್ಬಿ ಮಠದಲ್ಲಿ ಆ ಪ್ರಶ್ನೆ ಎದ್ದಿತು. ಒಂದೇ ಮಠದ ಇಬ್ಬರು ಸನ್ಯಾಸಿಗಳು. ಪಸ್ಕಾಸಿಯಸ್ ರಾಡ್‌ಬರ್ಟಸ್ ಅನ್ನುವವನು, ಬಲಿಪೀಠದ ಮೇಲಿರುವುದು ಮರಿಯಳಿಂದ ಹುಟ್ಟಿದ, ಶಿಲುಬೆಯ ಮೇಲೆ ಸತ್ತ ಅದೇ ದೇಹ ಅಂದ. ರಾಟ್ರಾಮ್ನಸ್ ಅನ್ನುವವನು ಹಾಗಲ್ಲ, ಕ್ರಿಸ್ತನು ಅಲ್ಲಿ ಗೂಢವಾಗಿ, ಸಂಕೇತದ ರೂಪದಲ್ಲಿ ಇದ್ದಾನೆ ಅಂದ. ರಾಜ ಚಾರ್ಲ್ಸ್ ತಾನಾಗಿ ಈ ಪ್ರಶ್ನೆ ಕೇಳಿದ್ದಕ್ಕೆ ರಾಟ್ರಾಮ್ನಸ್ ಪುಸ್ತಕ ಬರೆದ. ನನಗೆ ಇಷ್ಟವಾಗುವುದು ಏನೆಂದರೆ, ಇಬ್ಬರಲ್ಲಿ ಯಾರನ್ನೂ ಯಾರೂ ಮಠದಿಂದ ಓಡಿಸಲಿಲ್ಲ. ಆಮೇಲಿನ ಶತಮಾನಗಳಿಗೆ ಆ ತಾಳ್ಮೆ ಇರಲಿಲ್ಲ.

ಈಗ ಬೆರೆಂಗಾರ್ ಕಥೆಗೆ ಬರುತ್ತೇನೆ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು.

ಬೆರೆಂಗಾರ್ ಹನ್ನೊಂದನೇ ಶತಮಾನದವನು, ಫ್ರಾನ್ಸಿನ ಟೂರ್ ಊರಿನ ಶಾಲೆಯ ಮುಖ್ಯಸ್ಥ. ತರ್ಕದಲ್ಲಿ ಗಟ್ಟಿಗ. ರೊಟ್ಟಿ ರೊಟ್ಟಿಯಾಗಿಯೇ ಉಳಿಯದಿದ್ದರೆ ಅದು ಚಿಹ್ನೆ ಹೇಗಾಗುತ್ತದೆ ಅಂತ ಕೇಳಿದ. ಕ್ರಿಸ್ತನ ದೇಹ ಸ್ವರ್ಗದಲ್ಲಿದೆ, ತುಂಡು ತುಂಡಾಗಿ ಬಲಿಪೀಠಗಳ ಮೇಲೆ ಇಳಿಯುವುದಿಲ್ಲ ಅಂದ. 1059ರಲ್ಲಿ ಅವನನ್ನು ರೋಮಿಗೆ ಕರೆಸಿದರು. ಪೋಪ್ ಎರಡನೇ ನಿಕೋಲಸ್ ಕಾಲ. ಕಾರ್ಡಿನಲ್ ಹಂಬರ್ಟ್ ಬರೆದುಕೊಟ್ಟ ಪ್ರಮಾಣವಚನವನ್ನು ಅವನ ಬಾಯಲ್ಲಿ ಹೇಳಿಸಿದರು. ಆ ಮಾತುಗಳನ್ನು ಗಮನಿಸಿ. ಕ್ರಿಸ್ತನ ನಿಜವಾದ ದೇಹವೇ ಇಂದ್ರಿಯಗಳಿಗೆ ಸಿಗುವ ಹಾಗೆ ಗುರುಗಳ ಕೈಯಲ್ಲಿ ಮುಟ್ಟಲ್ಪಡುತ್ತದೆ, ಮುರಿಯಲ್ಪಡುತ್ತದೆ, ಭಕ್ತರ ಹಲ್ಲುಗಳಲ್ಲಿ ಅಗಿಯಲ್ಪಡುತ್ತದೆ. ಸುಮ್ನೆ ಸಂಕೇತವಾಗಿ ಅಲ್ಲ, ನಿಜವಾಗಿಯೂ.

ಹಲ್ಲುಗಳಲ್ಲಿ! ಇದಕ್ಕಿಂತ ಒರಟಾಗಿ ಹೇಳಲು ಸಾಧ್ಯವೇ ಇಲ್ಲ. ಬೆರೆಂಗಾರ್ ಪ್ರಮಾಣ ಮಾಡಿದ. ಊರಿಗೆ ವಾಪಸ್ ಹೋದ ಮೇಲೆ ಅದನ್ನು ಖಂಡಿಸಿ ಬರೆದ. ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಲಾನ್‌ಫ್ರಾಂಕ್ ಅದಕ್ಕೆ ಉತ್ತರ ಕೊಟ್ಟ. ಜಗಳ 20 ವರ್ಷ ಎಳೆಯಿತು. 1079ರಲ್ಲಿ, ಏಳನೇ ಗ್ರೆಗರಿ ಪೋಪ್ ಆಗಿದ್ದಾಗ, ಮತ್ತೆ ಅದೇ ರೋಮ್, ಮತ್ತೆ ಅದೇ ಬೆರೆಂಗಾರ್, ಮತ್ತೆ ಒಂದು ಪ್ರಮಾಣವಚನ. ಈ ಸಲ ಅದರಲ್ಲಿ ಹಲ್ಲಿಲ್ಲ, ಅಗಿಯುವುದಿಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸ ದ್ರವ್ಯದಲ್ಲಿ ಬದಲಾಗುತ್ತವೆ ಅಂತ ಇದೆ, ಅಷ್ಟೇ.

ಈ ವಿಷಯದ ಇಡೀ ಚರಿತ್ರೆಯಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದೇ ಅಂತ ನನಗನ್ನಿಸುತ್ತದೆ. ಬೆರೆಂಗಾರ್ ಸೋತ, ನಿಜ. ಆದರೆ ಅವನ ಪ್ರಶ್ನೆ ಗೆದ್ದಿತು. ಬದಲಾವಣೆ ಕಣ್ಣಿಗೆ, ಹಲ್ಲಿಗೆ ಸಿಗುವ ಮಟ್ಟದಲ್ಲಿ ನಡೆಯುವುದಿಲ್ಲ ಅನ್ನುವುದನ್ನು ಅವನ ಎದುರಾಳಿಗಳೇ ಒಪ್ಪಬೇಕಾಯಿತು. 1215ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಕರೆದ ನಾಲ್ಕನೇ ಲ್ಯಾಟರನ್ ಮಹಾಸಭೆ (ಬಿಷಪ್ಪರ ದೊಡ್ಡ ಸಭೆ), ರೊಟ್ಟಿ ದೇಹವಾಗಿಯೂ ದ್ರಾಕ್ಷಾರಸ ರಕ್ತವಾಗಿಯೂ ದ್ರವ್ಯದಲ್ಲಿ ಬದಲಾಗುತ್ತವೆ ಅನ್ನುವುದನ್ನು ವಿಶ್ವಾಸದ ನಿರೂಪಣೆಯಲ್ಲಿ ಸೇರಿಸಿತು. ಅದೇ ಮಹಾಸಭೆ ಪರಮ ಪ್ರಸಾದವನ್ನು ಬೀಗ ಹಾಕಿ ಇಡಬೇಕು ಅಂತಲೂ ವಿಧಿಸಿತು. ಯಾರಾದರೂ ಮಾಟಮಂತ್ರಕ್ಕೆ ಕದ್ದಾರು ಅನ್ನುವ ಭಯ. ಒರಟು ನಂಬಿಕೆ ಜನರ ನಡುವೆ ಎಷ್ಟು ಜೋರಾಗಿತ್ತು ಅನ್ನುವುದಕ್ಕೆ ಆ ಬೀಗವೇ ಸಾಕ್ಷಿ.

ದ್ರವ್ಯ ಅಂದರೇನು? ನ್ಯಾಯ, ವೈಶೇಷಿಕ ದರ್ಶನಗಳ ಪರಿಚಯ ಇದ್ದವರಿಗೆ ಇದು ಕಷ್ಟವಲ್ಲ. ಬಿಳುಪು ಅನ್ನುವುದು ಗಾಳಿಯಲ್ಲಿ ತೇಲಾಡುವುದಿಲ್ಲ, ಬಿಳಿಯಾದ ಒಂದು ವಸ್ತು ಬೇಕು. ಗುಣಕ್ಕೆ ಆಶ್ರಯ ಬೇಕು, ಆ ಆಶ್ರಯವೇ ದ್ರವ್ಯ. ಅರಿಸ್ಟಾಟಲ್ ಕೂಡ ಇದಕ್ಕೆ ತುಂಬಾ ಹತ್ತಿರದ ಮಾತು ಹೇಳಿದ್ದ. ಹದಿಮೂರನೇ ಶತಮಾನದಲ್ಲಿ ಇಟಲಿಯ ಸನ್ಯಾಸಿ ಪಂಡಿತ ಥಾಮಸ್ ಅಕ್ವಿನಾಸ್ ಆ ಮಾತನ್ನು ಕೈಗೆತ್ತಿಕೊಂಡು, ಅರಿಸ್ಟಾಟಲ್ ಕನಸಿನಲ್ಲೂ ನೆನೆಯದ ಜಾಗಕ್ಕೆ ಒಯ್ದ. ಸಾಮಾನ್ಯ ಬದಲಾವಣೆಯಲ್ಲಿ ಗುಣ ಬದಲಾಗುತ್ತದೆ, ವಸ್ತು ಅದೇ ಇರುತ್ತದೆ. ಹಸಿರು ಎಲೆ ಹಳದಿಯಾಗುತ್ತದೆ, ಎಲೆ ಎಲೆಯೇ. ಬಲಿಪೂಜೆಯಲ್ಲಿ ತದ್ವಿರುದ್ಧ. ಗುಣಗಳೆಲ್ಲ ಹಾಗೇ ಇರುತ್ತವೆ, ದ್ರವ್ಯ ಮಾತ್ರ ಬದಲಾಗುತ್ತದೆ. ಪ್ರಕೃತಿಯಲ್ಲಿ ಇಂಥದ್ದು ಇನ್ನೊಂದಿಲ್ಲ ಅಂತ ಅಕ್ವಿನಾಸ್ ತಾನೇ ಹೇಳುತ್ತಾನೆ. ಹಾಗಾದರೆ ಆ ಬಿಳುಪು, ಆ ರುಚಿ ಈಗ ಯಾವುದನ್ನು ಆಶ್ರಯಿಸಿವೆ? ಕ್ರಿಸ್ತನ ದೇಹವನ್ನಲ್ಲ. ಕ್ರಿಸ್ತ ಬೆಳ್ಳಗೆ, ತೆಳ್ಳಗೆ, ದುಂಡಗೆ ಆಗುವುದಿಲ್ಲವಲ್ಲ. ದೇವರ ಶಕ್ತಿಯಿಂದ ಅವು ಆಶ್ರಯವಿಲ್ಲದೆ ನಿಲ್ಲುತ್ತವೆ ಅನ್ನುತ್ತಾನೆ. ಇಲ್ಲೇ ಬಹಳ ಜನ ತತ್ವಜ್ಞಾನಿಗಳು ಅವನನ್ನು ಬಿಟ್ಟು ಹೊರಟರು.

ಆದರೆ ಅವನು ಇದರಿಂದ ಏನು ಸಾಧಿಸಿದ ನೋಡಿ. ಕ್ರಿಸ್ತನ ದೇಹ ಬಲಿಪೀಠದ ಮೇಲೆ ಒಂದು ವಸ್ತು ಜಾಗದಲ್ಲಿ ಇರುವ ಹಾಗೆ ಇಲ್ಲ ಅನ್ನುತ್ತಾನೆ. ಅದು ಸ್ವರ್ಗದಿಂದ ಪಯಣಿಸಿ ಬರುವುದಿಲ್ಲ. ಹಾಗೆ ಬಂದರೆ ಸ್ವರ್ಗ ಖಾಲಿಯಾಗಬೇಕು, ಒಂದೇ ಹೊತ್ತಿಗೆ ಹಲವು ಊರುಗಳ ಚರ್ಚುಗಳಿಗೆ ಹೋಗುವುದೂ ಅಸಾಧ್ಯ. ರೊಟ್ಟಿ ಮುರಿದಾಗ ಮುರಿಯುವುದು ರೊಟ್ಟಿಯ ಗುಣಗಳು, ದೇಹವಲ್ಲ. ಪ್ರತಿ ತುಣುಕಿನಲ್ಲೂ ಪೂರ್ತಿ ಕ್ರಿಸ್ತನಿದ್ದಾನೆ. ಬೆರೆಂಗಾರ್ ಬಾಯಲ್ಲಿ ಹೇಳಿಸಿದ 1059ರ ಪ್ರಮಾಣವಚನವನ್ನು ಅಕ್ವಿನಾಸ್ ಹೆಸರು ಹೇಳಿಯೇ ಎತ್ತಿಕೊಳ್ಳುತ್ತಾನೆ. ಮುರಿಯುವುದು, ಅಗಿಯುವುದು ಅನ್ನುವ ಮಾತುಗಳನ್ನು ಹೊರಗೆ ಕಾಣುವ ರೂಪಕ್ಕೆ ಅನ್ವಯಿಸಿಕೊಳ್ಳಬೇಕು ಅಂತ ವಿವರಿಸುತ್ತಾನೆ. ಹಳೆಯ ತಪ್ಪನ್ನು ತಪ್ಪು ಅನ್ನದೆಯೇ ಪಕ್ಕಕ್ಕೆ ಸರಿಸಿದ ರೀತಿ ಇದು.

ಈಗ ಇಲಿಯ ಪ್ರಶ್ನೆ. ನಗಬೇಡಿ, ಇದನ್ನು ದೊಡ್ಡ ದೊಡ್ಡ ಪಂಡಿತರು ಗಂಭೀರವಾಗಿ ಚರ್ಚಿಸಿದ್ದಾರೆ. ಪವಿತ್ರೀಕರಿಸಿದ ರೊಟ್ಟಿಯನ್ನು ಇಲಿ ತಿಂದರೆ ಅದು ತಿಂದದ್ದೇನು? ಹನ್ನೆರಡನೇ ಶತಮಾನದ ಪೀಟರ್ ಲೊಂಬಾರ್ಡ್ ಕೊಟ್ಟ ಉತ್ತರ: 'ದೇವರೇ ಬಲ್ಲ.' ಅವನ ಪುಸ್ತಕ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಯಿತು. ಹಾಗಾಗಿ ಮುಂದಿನ ಪಂಡಿತರಿಗೆಲ್ಲ ಈ ಇಲಿ ಗಂಟುಬಿತ್ತು. ಅಕ್ವಿನಾಸನ ಕಾಲದ ಪಂಡಿತ ಬೊನವೆಂಚರ್, ಇಲಿ ಬಾಯಿ ಹಾಕಿದರೆ ಕ್ರಿಸ್ತ ಅಲ್ಲಿ ಇರುವುದಿಲ್ಲ ಅನ್ನುವ ಕಡೆಗೆ ವಾಲಿದ. ಅಕ್ವಿನಾಸ್ ಹಾಗೆ ನುಣುಚಿಕೊಳ್ಳಲಿಲ್ಲ. ರೊಟ್ಟಿಯ ರೂಪ ಇರುವ ತನಕ ಕ್ರಿಸ್ತನ ದೇಹವೂ ಇದೆ, ಇಲಿ ತಿಂದರೂ ಸರಿ, ಪಾಪಿ ತಿಂದರೂ ಸರಿ ಅಂದ. ಆದರೆ ಇಲಿ ಅದನ್ನು ಸಂಸ್ಕಾರವಾಗಿ, ಅಂದರೆ ದೇವರ ಕೃಪೆ ತರುವ ಪವಿತ್ರ ವಿಧಿಯಾಗಿ, ತಿನ್ನುವುದಿಲ್ಲ, ಇಲಿಗೆ ಆ ಅರಿವಿಲ್ಲ. ಇದರಿಂದ ಕ್ರಿಸ್ತನಿಗೆ ಅವಮಾನವಾಗುವುದಿಲ್ಲವೇ? ಪಾಪಿಗಳ ಕೈಯಲ್ಲಿ ಶಿಲುಬೆಗೇರಲು ಒಪ್ಪಿದವನಿಗೆ ಇದರಿಂದ ಏನು ಕಡಿಮೆಯಾಗುತ್ತದೆ ಅಂತ ಉತ್ತರಿಸುತ್ತಾನೆ. ಅದೂ ಅಲ್ಲದೆ ಇಲಿ ಮುಟ್ಟುವುದು ಹೊರಗಿನ ರೂಪವನ್ನು, ದೇಹವನ್ನು ಅದರ ಸ್ವಂತ ರೂಪದಲ್ಲಲ್ಲ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಟ್ಟುವುದು ರೂಪವನ್ನು. ಅಂದರೆ ಆ ರೊಟ್ಟಿಗೆ ಚುಚ್ಚಿ ಕ್ರಿಸ್ತನಿಗೆ ಗಾಯ ಮಾಡಲು ಯಾರಿಂದಲೂ ಸಾಧ್ಯವಿಲ್ಲ.

ಯಾಕೆ ನೆನಪಿಡಬೇಕು ಅಂದರೆ, ಅಕ್ವಿನಾಸ್ ಸತ್ತದ್ದು 1274ರಲ್ಲಿ. 24 ವರ್ಷಗಳ ನಂತರ, 1298ರಲ್ಲಿ, ಜರ್ಮನಿಯ ರೋಟಿಂಗನ್ ಊರಿನಲ್ಲಿ ಯಹೂದಿಗಳು ಪರಮ ಪ್ರಸಾದವನ್ನು ಕದ್ದು ಹಿಂಸಿಸಿದರು ಅನ್ನುವ ಸುದ್ದಿ ಹಬ್ಬಿತು. ರಿಂಟ್‌ಫ್ಲೈಷ್ ಅನ್ನುವವನ ನಾಯಕತ್ವದಲ್ಲಿ ಗುಂಪೊಂದು ಆ ಊರಿನ ಯಹೂದಿಗಳನ್ನು ಕೊಂದಿತು. ಅಲ್ಲಿಂದ ಊರಿಂದೂರಿಗೆ ಹೋಗಿ ಸಾವಿರಾರು ಜನರನ್ನು ಕೊಂದಿತು. 1510ರಲ್ಲಿ ಬರ್ಲಿನ್ನಿನಲ್ಲಿ ಇಂಥದೇ ಆರೋಪದ ಮೇಲೆ ಯಹೂದಿಗಳನ್ನು ಸುಟ್ಟರು. ಯಹೂದಿಗಳು ಈ ಸಿದ್ಧಾಂತವನ್ನು ನಂಬುವವರೇ ಅಲ್ಲ. ಬರೀ ರೊಟ್ಟಿ ಅಂದುಕೊಂಡಿರುವವರು ಅದನ್ನು ಹಿಂಸಿಸುವುದೇಕೆ? ಚರ್ಚಿನ ಅತಿ ದೊಡ್ಡ ಪಂಡಿತನೇ ಗಾಯ ಮಾಡುವುದು ಅಸಾಧ್ಯ ಅಂದಿದ್ದ. ಹಾಗಿದ್ದೂ ರಕ್ತ ಸುರಿಯುವ ರೊಟ್ಟಿಗಳ ಕಥೆಗಳು ಹರಡಿದವು, ಆ ಜಾಗಗಳಿಗೆ ಯಾತ್ರೆಗಳು ಶುರುವಾದವು. ಈ ವಿಷಯದ ಬಗ್ಗೆ ಮಾತಾಡುವವರು ಇದನ್ನು ಹೇಳದೆ ಮುಂದೆ ಹೋಗಬಾರದು. ಪುಸ್ತಕದಲ್ಲಿ ಸೂಕ್ಷ್ಮವಾಗಿ ಬರೆದದ್ದು ಬೀದಿಗೆ ತಲುಪಲಿಲ್ಲ. ತಲುಪಿಸುವ ಹೊಣೆ ಇದ್ದವರು ತಲುಪಿಸಲಿಲ್ಲ. ಎಷ್ಟೋ ಕಡೆ ಅವರೇ ಆ ಕಥೆಗಳನ್ನು ಬೆಳೆಸಿದರು.

ಇನ್ನು ಸುಧಾರಣೆಯ ಕಾಲ, ಅಂದರೆ ಪ್ರಾಟೆಸ್ಟಂಟರು ರೋಮಿನ ಚರ್ಚಿನಿಂದ ಬೇರೆಯಾದ ಕಾಲ. ಇಂಗ್ಲೆಂಡಿನ ಪಂಡಿತ ವಿಕ್ಲಿಫ್ 1380ರ ಸುಮಾರಿಗೇ ಈ ಸಿದ್ಧಾಂತವನ್ನು ತಿರಸ್ಕರಿಸಿದ್ದ. 1520ರಲ್ಲಿ, ಜರ್ಮನಿಯಲ್ಲಿ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಕೂಡ ತಿರಸ್ಕರಿಸಿದ. ಅವನ ತಕರಾರು ಕ್ರಿಸ್ತನ ಇರುವಿಕೆಯ ಬಗ್ಗೆ ಅಲ್ಲ, ಅರಿಸ್ಟಾಟಲ್ ಬಗ್ಗೆ. 1200 ವರ್ಷ ಈ ಪದವೇ ಇಲ್ಲದೆ ಚರ್ಚು ಸರಿಯಾಗಿ ನಂಬಿಕೊಂಡು ಬಂದಿತ್ತಲ್ಲ, ಈಗ ಯಾಕೆ ಬೇಕು ಅಂತ ಕೇಳಿದ. ರೊಟ್ಟಿಯೂ ಇದೆ, ದೇಹವೂ ಇದೆ, ಅಷ್ಟು ಸಾಕು ಅಂದ. ಒಂದು ಸೋಜಿಗ ಗಮನಿಸಿ. ಅಕ್ವಿನಾಸ್ ಮೆತ್ತಗೆ ಪಕ್ಕಕ್ಕೆ ಸರಿಸಿದ 1059ರ ಆ ಹಲ್ಲಿನ ಪ್ರಮಾಣವಚನವನ್ನು ಲೂಥರ್ 1528ರಲ್ಲಿ ಹೊಗಳುತ್ತಾನೆ. ಪೋಪ್ ನಿಕೋಲಸ್ ಮಾಡಿದ್ದು ಸರಿ ಅನ್ನುತ್ತಾನೆ. ಪೋಪರನ್ನು ಬೈಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲದ ಲೂಥರ್! ದ್ರವ್ಯ ಬದಲಾವಣೆಯನ್ನು ಒಪ್ಪಿದವನಿಗಿಂತ ಒಪ್ಪದವನ ಮಾತೇ ಒರಟಾಗಿದೆ, ಅಲ್ವಾ?

ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿಗೆ ಈ ಎರಡೂ ಬೇಡ. ಅವನ ಪ್ರಕಾರ 'ಇದು ನನ್ನ ದೇಹ' ಅಂದರೆ ಇದು ನನ್ನ ದೇಹವನ್ನು ಸೂಚಿಸುತ್ತದೆ ಅಂತ. 1529ರ ಅಕ್ಟೋಬರಿನಲ್ಲಿ ಹೆಸ್ಸೆಯ ಅರಸ ಫಿಲಿಪ್ ಇಬ್ಬರನ್ನೂ ಮಾರ್‌ಬರ್ಗ್ ಕೋಟೆಗೆ ಕರೆಸಿದ. ಮಾತು ಶುರುವಾಗುವ ಮೊದಲೇ ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಲ್ಯಾಟಿನ್‌ನಲ್ಲಿ 'ಇದು ನನ್ನ ದೇಹ' ಅಂತ ಬರೆದಿಟ್ಟ. ಕ್ರಿಸ್ತ ಏರಿಹೋಗಿ ತಂದೆಯ ಬಲಗಡೆ ಕೂತಿದ್ದಾನೆ, ಒಂದು ದೇಹ ಒಂದು ಕಡೆ ಮಾತ್ರ ಇರಬಲ್ಲದು ಅಂತ ಜ್ವಿಂಗ್ಲಿ ವಾದಿಸಿದ. ಲೂಥರ್ ಬರೆದಿದ್ದನ್ನೇ ತೋರಿಸಿದ. ಕೊನೆಗೆ ಇಬ್ಬರೂ 15 ಅಂಶಗಳ ಒಂದು ಪಟ್ಟಿಗೆ ಸಹಿ ಹಾಕಿದರು. 14ರಲ್ಲಿ ಒಮ್ಮತ. ಹದಿನೈದನೆಯದರಲ್ಲೂ ಬಹುಪಾಲು ಒಪ್ಪಿ, ದೇಹ ಮತ್ತು ರಕ್ತದ ಇರುವಿಕೆ ಅನ್ನುವ ಒಂದೇ ವಿಷಯಕ್ಕೆ ಬಂದು ನಿಂತರು. ಪ್ರಾಟೆಸ್ಟಂಟ್ ಚಳವಳಿ ಒಂದಾಗಿ ಉಳಿಯದೆ ಹೋಗಲು ಇದು ದೊಡ್ಡ ಕಾರಣ. ಜಿನೀವಾದ ಸುಧಾರಕ ಕ್ಯಾಲ್ವಿನ್ ನಡುವಿನ ದಾರಿ ಹುಡುಕಿದ. ಪವಿತ್ರಾತ್ಮನ ಮೂಲಕ ಭಕ್ತರು ನಿಜವಾಗಿಯೂ ಕ್ರಿಸ್ತನಲ್ಲಿ ಪಾಲುಗೊಳ್ಳುತ್ತಾರೆ, ಆದರೆ ರೊಟ್ಟಿ ರೊಟ್ಟಿಯೇ ಅಂದ.

ಇಂಗ್ಲೆಂಡಿನಲ್ಲಿ ಇದು ಪ್ರಾಣದ ಪ್ರಶ್ನೆಯಾಯಿತು. ಎಂಟನೇ ಹೆನ್ರಿ ಪೋಪರಿಂದ ಬೇರೆಯಾದ ಮೇಲೂ 1539ರ ಕಾನೂನಿನ ಪ್ರಕಾರ ಈ ನಂಬಿಕೆಯನ್ನು ಅಲ್ಲಗಳೆದವರಿಗೆ ಸುಡುವ ಶಿಕ್ಷೆ. ಆನ್ ಆಸ್ಕ್ಯೂ ಅನ್ನುವ ಯುವತಿಯನ್ನು ವಿಚಾರಣೆ ಮಾಡುವಾಗ ಅದೇ ಹಳೆಯ ಪ್ರಶ್ನೆ ಕೇಳಿದರು: ಇಲಿ ತಿಂದರೆ ಅದಕ್ಕೆ ದೇವರು ಸಿಕ್ಕ ಹಾಗಾಯಿತೋ ಇಲ್ಲವೋ? ಉತ್ತರ ಕೊಡಲಿಲ್ಲ, ಬರೀ ನಕ್ಕೆ ಅಂತ ಆಕೆಯೇ ಬರೆದಿಟ್ಟಿದ್ದಾಳೆ. ಪಂಡಿತರು ಪಾಠದ ಕೋಣೆಯಲ್ಲಿ ಬುದ್ಧಿ ಮಸೆಯಲು ಬಳಸಿದ ಪ್ರಶ್ನೆ ಇಲ್ಲಿ ಬಲೆಯಾಗಿತ್ತು. 1546ರಲ್ಲಿ ಲಂಡನ್ ಟವರಿನಲ್ಲಿ ಆಕೆಯ ಕೈಕಾಲು ಎಳೆದು ಚಿತ್ರಹಿಂಸೆ ಕೊಟ್ಟರು. ನಡೆಯಲೂ ಆಗದ ಆಕೆಯನ್ನು ಕುರ್ಚಿಯಲ್ಲಿ ಹೊತ್ತು ತಂದು ಸ್ಮಿತ್‌ಫೀಲ್ಡಿನಲ್ಲಿ ಸುಟ್ಟರು. 1673ಕ್ಕೆ ಚಕ್ರ ಪೂರ್ತಿ ತಿರುಗಿತ್ತು. ಆ ವರ್ಷದ ಕಾನೂನಿನ ಪ್ರಕಾರ ಸರ್ಕಾರಿ ಹುದ್ದೆ ಬೇಕಾದವರು ದ್ರವ್ಯ ಬದಲಾವಣೆಯನ್ನು ನಂಬುವುದಿಲ್ಲ ಅಂತ ಘೋಷಿಸಬೇಕು. ಬ್ರಿಟಿಷ್ ರಾಜರು ಪಟ್ಟಕ್ಕೆ ಬಂದಾಗ ಇಂಥ ಘೋಷಣೆ ಮಾಡುವ ಪದ್ಧತಿ 1910ರವರೆಗೆ ಇತ್ತು.

ಕ್ಯಾಥೊಲಿಕ್ ಚರ್ಚು ಉತ್ತರ ಕೊಟ್ಟದ್ದು 1551ರ ಅಕ್ಟೋಬರ್ 11ರಂದು, ಟ್ರೆಂಟ್ ಮಹಾಸಭೆಯಲ್ಲಿ. ರೊಟ್ಟಿಯ ಪೂರ್ತಿ ದ್ರವ್ಯ ಕ್ರಿಸ್ತನ ದೇಹದ ದ್ರವ್ಯವಾಗಿ ಬದಲಾಗುತ್ತದೆ, ಇದಕ್ಕೆ ಈ ಹೆಸರು ತುಂಬಾ ಸೂಕ್ತ ಅಂತ ಹೇಳಿತು. ಆ ಸಭೆ ಜಾಣತನದಿಂದ ಒಂದು ಕೆಲಸ ಮಾಡಿತು. ಅರಿಸ್ಟಾಟಲನ ಪಂಥದವರು ಗುಣಕ್ಕೆ ಬಳಸುತ್ತಿದ್ದ ಪಾರಿಭಾಷಿಕ ಪದವನ್ನು ಬಿಟ್ಟು, ತೋರಿಕೆ, ಹೊರರೂಪ ಅನ್ನುವ ಸಾದಾ ಅರ್ಥದ ಪದವನ್ನು ಬಳಸಿತು. ಅರಿಸ್ಟಾಟಲನ ಭೌತಶಾಸ್ತ್ರಕ್ಕೆ ತನ್ನನ್ನು ಪೂರ್ತಿ ಕಟ್ಟಿಹಾಕಿಕೊಳ್ಳಲಿಲ್ಲ. ವಿಜ್ಞಾನ ಬಂದ ಮೇಲೆ ಈ ಸಿದ್ಧಾಂತ ಸತ್ತುಹೋಯಿತು ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಹಾಗಂತ ತೊಂದರೆ ಇಲ್ಲದೆ ಇರಲಿಲ್ಲ. ವಸ್ತು ಅಂದರೆ ಉದ್ದ, ಅಗಲ, ಆಳ ಅಷ್ಟೇ ಅಂತ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಹೇಳಿದಾಗ, ಹಾಗಾದರೆ ಪರಮ ಪ್ರಸಾದದ ಗತಿ ಏನು ಅಂತ ಅಲ್ಲಿಯದೇ ಧರ್ಮಪಂಡಿತ ಆರ್ನೋ 1641ರಲ್ಲೇ ಕೇಳಿದ. 1663ರಲ್ಲಿ ರೋಮ್ ಡೆಕಾರ್ಟನ ಪುಸ್ತಕಗಳನ್ನು ನಿಷೇಧದ ಪಟ್ಟಿಗೆ ಸೇರಿಸಿತು.

ಇಪ್ಪತ್ತನೇ ಶತಮಾನದಲ್ಲಿ ಸ್ಕಿಲ್ಲೆಬೇಕ್ಸ್ ಮೊದಲಾದ ಪಂಡಿತರು ನೆದರ್ಲೆಂಡ್ಸಿನಲ್ಲಿ ಬೇರೆ ದಾರಿ ಹಿಡಿದರು. ಬದಲಾಗುವುದು ರೊಟ್ಟಿಯ ಅರ್ಥ, ಅದರ ಉದ್ದೇಶ ಅನ್ನುವ ಕಡೆಯಿಂದ ಯೋಚಿಸಿದರು. ಪೋಪ್ ಆರನೇ ಪೌಲ್ 1965ರ ಸೆಪ್ಟೆಂಬರಿನಲ್ಲಿ ಇದಕ್ಕೆ ಉತ್ತರಿಸಿದರು. ಹೊಸ ಅರ್ಥ ಇದೆ, ನಿಜ, ಆದರೆ ಅಲ್ಲಿರುವುದೇ ಹೊಸದಾದ್ದರಿಂದ ಅರ್ಥವೂ ಹೊಸದು ಅಂದರು. ನನಗೆ ಆ ಪಂಡಿತರ ಪ್ರಯತ್ನದ ಮೇಲೆ ಗೌರವ ಇದೆ. ಆದರೂ ಪೋಪ್ ಎತ್ತಿದ ಪ್ರಶ್ನೆಗೆ ಅವರಲ್ಲಿ ಗಟ್ಟಿಯಾದ ಉತ್ತರ ಕಾಣುವುದಿಲ್ಲ. ಅರ್ಥ ಕೊಡುವವರು ಮನುಷ್ಯರು. ನಾವು ಕೊಟ್ಟ ಅರ್ಥಕ್ಕೆ ಮಂಡಿಯೂರುವುದು ಹೇಗೆ?

ಇಷ್ಟೆಲ್ಲ ಆದ ಮೇಲೆ, ಈ ಸಿದ್ಧಾಂತ ಇವತ್ತಿಗೆ ಏನು ಕೆಲಸ ಮಾಡುತ್ತದೆ? ಒಂದು ಉದಾಹರಣೆ ಕೊಡುತ್ತೇನೆ. ಗ್ಲುಟನ್ ದೇಹಕ್ಕೆ ಆಗದ ಸೀಲಿಯಾಕ್ ಕಾಯಿಲೆಯವರು ಗೋಧಿ ತಿನ್ನುವಂತಿಲ್ಲ. ಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕು, ಗ್ಲುಟನ್ ಪೂರ್ತಿ ತೆಗೆದದ್ದು ನಡೆಯುವುದಿಲ್ಲ ಅಂತ ರೋಮ್ 2017ರಲ್ಲೂ ಮತ್ತೆ ನೆನಪಿಸಿತು. ಗ್ಲುಟನ್ ತೀರಾ ಕಡಿಮೆ ಇರುವ ರೊಟ್ಟಿ ಆಗಬಹುದು. ಅದೂ ಆಗದವರು? ಅವರು ಪಾತ್ರೆಯಿಂದ ದ್ರಾಕ್ಷಾರಸ ಮಾತ್ರ ಸ್ವೀಕರಿಸುತ್ತಾರೆ. ಅವರಿಗೆ ಸಿಕ್ಕಿದ್ದು ಅರ್ಧ ಪ್ರಸಾದವಲ್ಲ. ಒಂದೊಂದರಲ್ಲೂ ಪೂರ್ತಿ ಕ್ರಿಸ್ತ ಇದ್ದಾನೆ ಅನ್ನುವ ಆ ಹಳೆಯ ಮಾತು ಇಲ್ಲಿ ಒಬ್ಬ ರೋಗಿಯ ನೆರವಿಗೆ ಬರುತ್ತದೆ. ಇನ್ನೊಂದು ವಿಷಯ, ದ್ರವ್ಯ ಬದಲಾದರೂ ಗೋಧಿಯ ಗುಣ ಹಾಗೇ ಇರುತ್ತದೆ, ಅದು ಕಾಯಿಲೆಯವರಿಗೆ ತೊಂದರೆ ಕೊಟ್ಟೇ ಕೊಡುತ್ತದೆ ಅಂತ ಚರ್ಚು ಒಪ್ಪುತ್ತದೆ. ಅಕ್ವಿನಾಸ್ ಕೂಡ ಇದನ್ನೇ ಹೇಳುತ್ತಿದ್ದ.

2019ರಲ್ಲಿ ಅಮೆರಿಕದ ಪ್ಯೂ ಸಂಸ್ಥೆ ಒಂದು ಸಮೀಕ್ಷೆ ಮಾಡಿತು. ರೊಟ್ಟಿ ನಿಜವಾಗಿ ದೇಹವಾಗುತ್ತದೆ ಅಂದ ಅಲ್ಲಿನ ಕ್ಯಾಥೊಲಿಕರು 31 ಶೇಕಡ ಮಾತ್ರ. ಬಿಷಪ್ಪರು ಗಾಬರಿಯಾದರು, ಅಭಿಯಾನ ಶುರು ಮಾಡಿದರು, 2024ರಲ್ಲಿ ಇಂಡಿಯಾನಾಪೊಲಿಸ್ಸಿನಲ್ಲಿ ದೊಡ್ಡ ಸಮಾವೇಶ ನಡೆಸಿದರು. ನನಗೆ ಆ ಪ್ರಶ್ನೆಯ ಬಗ್ಗೆಯೇ ತಕರಾರಿದೆ. ನಿಜವಾದ ದೇಹವೋ, ಸಂಕೇತವೋ, ಎರಡರಲ್ಲಿ ಒಂದು ಆರಿಸಿ ಅಂದರೆ, ಚೆನ್ನಾಗಿ ಓದಿಕೊಂಡ ಕ್ಯಾಥೊಲಿಕನೂ ಒಂದು ಗಳಿಗೆ ತಡವರಿಸಬೇಕು. ಸಂಸ್ಕಾರ ಅಂದರೇ ಸಂಕೇತ ಅಂತ ಅಕ್ವಿನಾಸ್ ಹೇಳುತ್ತಾನೆ. ತಾನು ಸೂಚಿಸುವುದನ್ನೇ ತನ್ನಲ್ಲಿ ಹೊತ್ತಿರುವ ಸಂಕೇತ ಇದು. ಬೆರೆಂಗಾರ್ ಕಾಲದಲ್ಲಿ ಬಿದ್ದ ಆ ಬಿರುಕು ಒಂದು ಸಮೀಕ್ಷೆಯ ಪ್ರಶ್ನೆಯಲ್ಲಿ ಇನ್ನೂ ಕಾಣುತ್ತದೆ.

ಕೊನೆಯದಾಗಿ, ಇದು ಪಂಡಿತರ ಮನೆಯ ಜಗಳ ಮಾತ್ರ ಅಲ್ಲ. ಗಂಡ ಕ್ಯಾಥೊಲಿಕ್, ಹೆಂಡತಿ ಲೂಥರನ್ ಆಗಿರುವ ಮನೆಗಳು ಎಷ್ಟೋ ಇವೆ. ಒಂದೇ ದೇವರು, ಒಂದೇ ದೀಕ್ಷಾಸ್ನಾನ, ಆದರೆ ಬಲಿಪೂಜೆಯಲ್ಲಿ ಒಬ್ಬರು ಪ್ರಸಾದಕ್ಕೆ ಎದ್ದು ಹೋಗುವಾಗ ಇನ್ನೊಬ್ಬರು ಕೂತೇ ಇರಬೇಕು. 2015ರ ನವೆಂಬರ್ 15ರಂದು ಪೋಪ್ ಫ್ರಾನ್ಸಿಸ್ ರೋಮಿನ ಲೂಥರನ್ ಚರ್ಚಿಗೆ ಹೋಗಿದ್ದರು. ಕ್ಯಾಥೊಲಿಕ್ ಗಂಡನಿರುವ ಒಬ್ಬ ಲೂಥರನ್ ಮಹಿಳೆ, ನಾವಿಬ್ಬರೂ ಒಟ್ಟಿಗೆ ಪ್ರಸಾದ ಸ್ವೀಕರಿಸುವುದು ಯಾವಾಗ ಅಂತ ಅವರನ್ನು ಕೇಳಿದರು. ಪೋಪ್ ತುಂಬಾ ಹೊತ್ತು ಆ ಕಡೆ ಈ ಕಡೆ ಯೋಚಿಸುತ್ತಾ ಮಾತಾಡಿದರು. ಒಪ್ಪಿಗೆ ಕೊಡುವ ಅಧಿಕಾರ ನನಗಿಲ್ಲ ಅಂದರು. ಪ್ರಭುವಿನ ಜೊತೆ ಮಾತಾಡಿ, ಮುಂದೆ ಹೋಗಿ ಅಂದರು. ಇದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗಿಲ್ಲ ಅಂತಲೂ ಸೇರಿಸಿದರು. ಇದು ಹೌದೋ, ಅಲ್ಲವೋ ಅಂತ ಜನ ಇನ್ನೂ ಚರ್ಚಿಸುತ್ತಿದ್ದಾರೆ. ಚರ್ಚಿನ ನಿಯಮ ಬದಲಾಗಿಲ್ಲ. ನಿಮ್ಮಲ್ಲೂ ಈ ಬಗ್ಗೆ ಪ್ರಶ್ನೆಗಳಿರುತ್ತವೆ, ಒಪ್ಪದೆ ಇರುವವರೂ ಇರುತ್ತೀರಿ. ಮೊದಲು ಒಪ್ಪದವರೇ ಕೇಳಲಿ.